ಹೆಸರಿಲ್ಲದ ಪುಟ್ಟ ಟ್ಯೂಬ್ ಆಂಪ್: ಮೊದಲು ಓದೋಣ, ಆಮೇಲೆ ತಿದ್ದೋಣ

ಮೊದಲು ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ. ಯಾರೋ ಮನೆಯಲ್ಲೇ ಕಟ್ಟಿದ ಗಿಟಾರ್ ಆಂಪ್, ಅಂದರೆ ಗಿಟಾರಿನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಆಂಪ್ಲಿಫೈಯರ್, ತನ್ನ ಬಗ್ಗೆ ಹೇಳುವ ಮೊದಲ ಸಂಗತಿ ಅದರ ತೂಕ. ತಗಡಿನ ಪೆಟ್ಟಿಗೆಯ ಮೇಲೆ ಕಬ್ಬಿಣದ ಎರಡು ಗಟ್ಟಿಗಳು ಕೂತಿದ್ದರೆ ಒಳ್ಳೆಯದು. ದೊಡ್ಡದು ಪವರ್ ಟ್ರಾನ್ಸ್‌ಫಾರ್ಮರ್. ಗೋಡೆಯಿಂದ ಬರುವ ಕರೆಂಟನ್ನು ಟ್ಯೂಬುಗಳಿಗೆ, ಅಂದರೆ ಸಿಗ್ನಲ್ ಹಿಗ್ಗಿಸುವ ಗಾಜಿನ ನಳಿಗೆಗಳಿಗೆ, ಬೇಕಾದ ಹಾಗೆ ಬದಲಿಸಿ ಕೊಡುವುದು ಅದರ ಕೆಲಸ. ಚಿಕ್ಕದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಟ್ಯೂಬಿನಿಂದ ಹೊರಟ ಸಿಗ್ನಲನ್ನು ಸ್ಪೀಕರಿಗೆ ಒಗ್ಗಿಸುವುದು ಅದರ ಕೆಲಸ.

ಪೆಟ್ಟಿಗೆ ಹಗುರವಾಗಿದ್ದು, ಒಂದೇ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಕಂಡರೆ ಅಲ್ಲೇ ನಿಲ್ಲಿ. ಪ್ಲಗ್ ಹಾಕಬೇಡಿ. ಹಳೆಯ ಅಗ್ಗದ ರೇಡಿಯೊಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರನ್ನೇ ಬಿಟ್ಟುಬಿಡುತ್ತಿದ್ದರು. ಟ್ಯೂಬುಗಳ ಹೀಟರುಗಳನ್ನು, ಅಂದರೆ ಒಳಗೆ ಕಾಯುವ ತಂತಿಗಳನ್ನು, ಸರಪಳಿಯ ಹಾಗೆ ಒಂದರ ಹಿಂದೆ ಒಂದು ಜೋಡಿಸಿ ನೇರವಾಗಿ ಗೋಡೆಯ ಕರೆಂಟಿಗೆ ಕೊಡುತ್ತಿದ್ದರು. 35ಡಬ್ಲ್ಯು4, 50ಸಿ5, ಯುಸಿಎಲ್82 ಇಂಥ ಟ್ಯೂಬುಗಳು ಕಂಡರೆ ಇದೇ ಪಂಗಡ ಎಂದು ಅನುಮಾನ ಪಡಿ. ಇದರಲ್ಲಿ ಲೋಹದ ಪೆಟ್ಟಿಗೆಗೇ ಮೇನ್ಸ್, ಅಂದರೆ ಗೋಡೆಯ ಕರೆಂಟಿನ, ತಂತಿ ತಗುಲಿರಬಹುದು. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆ ಪೆಟ್ಟಿಗೆಗೇ ಸೇರುತ್ತವೆ. ಅಂದರೆ ನುಡಿಸುವವರ ಬೆರಳು ಗೋಡೆಯ ಕರೆಂಟಿನ ಮೇಲೆ! ಗೋಡೆಯ ಕರೆಂಟನ್ನು ಪೆಟ್ಟಿಗೆಯಿಂದ ಬೇರೆಯಾಗಿಡುವ ಸರಿಯಾದ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಒಳಗೆ ಕೂರುವ ತನಕ ಅದು ಆಂಪ್ ಅಲ್ಲ, ಅಪಾಯ.

ಈ ಲೇಖನಕ್ಕೆ ಉದಾಹರಣೆಯಾಗಿ ನನ್ನ ಮೇಜಿಗೆ ಬಂದ ಒಂದು ಆಂಪನ್ನೇ ಇಟ್ಟುಕೊಳ್ಳುತ್ತೇನೆ. ಅಲ್ಯೂಮಿನಿಯಂ ಪೆಟ್ಟಿಗೆ, ಎರಡು ಟ್ಯೂಬು, ಒಂದು ವಾಲ್ಯೂಮ್ ಗುಬ್ಬಿ, ಒಂದು ಜ್ಯಾಕ್. ಹೆಸರಿಲ್ಲ, ನಕ್ಷೆಯಿಲ್ಲ. ಕಟ್ಟಿದವರು ಯಾರೋ ಗೊತ್ತಿಲ್ಲ. ಕೊಟ್ಟವರು ಹೇಳಿದ್ದು ಇಷ್ಟೇ: "ಸೌಂಡ್ ಬರುತ್ತೆ, ಆದರೆ ತೆಳ್ಳಗಿದೆ. ಜೋರಾಗಿ ನುಡಿಸಿದರೆ ಉಸಿರು ಕಟ್ಟಿದ ಹಾಗಾಗುತ್ತೆ. ಏನಾದರೂ ಮಾಡಿಫೈ ಮಾಡಿ."

ಇಂಥ ಹೊತ್ತಿನಲ್ಲಿ ಕೈ ತುರಿಸುತ್ತದೆ. ಯಾವುದೋ ಕೆಪಾಸಿಟರ್ ಬದಲಿಸೋಣ, ದುಬಾರಿ ಟ್ಯೂಬ್ ಹಾಕೋಣ ಅನಿಸುತ್ತದೆ. ತಡೆದುಕೊಳ್ಳಿ. ಕಾರ್ಖಾನೆಯ ಆಂಪಿಗೆ ನಕ್ಷೆ ಸಿಗುತ್ತದೆ. ಮನೆಯಲ್ಲಿ ಕಟ್ಟಿದ್ದಕ್ಕೆ ನಕ್ಷೆ ನೀವೇ ಬರೆಯಬೇಕು. ಬರೆಯದೆ ತಿದ್ದಿದರೆ ಅದು ಕುರುಡು ಕೆಲಸ. ಬರೆದರೆ ಅರ್ಧ ತಿದ್ದುಪಡಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ನನ್ನ ಅನುಭವದಲ್ಲಿ ಇದು ಪ್ರತಿ ಸಲವೂ ನಿಜವಾಗಿದೆ.

ಕೈ ಹಾಕುವ ಮುನ್ನ

ಟ್ಯೂಬ್ ಆಂಪಿನ ಒಳಗೆ 250ರಿಂದ 350 ವೋಲ್ಟ್ ಡಿಸಿ ಓಡಾಡುತ್ತದೆ. ಸ್ವಿಚ್ ಆರಿಸಿ ಪ್ಲಗ್ ಕಿತ್ತರೂ ಆ ಡಿಸಿಯನ್ನು ಸಮ ಮಾಡಲು ಚಾರ್ಜ್ ಹಿಡಿದಿಡುವ ದೊಡ್ಡ ಫಿಲ್ಟರ್ ಕೆಪಾಸಿಟರುಗಳಲ್ಲಿ ಅದು ಉಳಿದಿರುತ್ತದೆ. ಕೆಲವೊಮ್ಮೆ ನಿಮಿಷಗಟ್ಟಲೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು. ಇದು ಪ್ರಾಣ ತೆಗೆಯಬಲ್ಲ ವೋಲ್ಟೇಜ್. ಈ ಮಾತನ್ನು ಮೆತ್ತಗೆ ಹೇಳಲು ನನಗೆ ಇಷ್ಟವಿಲ್ಲ.

ನಾನು ಮಾಡುವುದು ಹೀಗೆ. 10 ಕಿಲೋಓಮ್, 5 ವ್ಯಾಟಿನ ಒಂದು ರೆಸಿಸ್ಟರಿಗೆ ಎರಡೂ ಕಡೆ ಇನ್ಸುಲೇಷನ್ ಇರುವ ತಂತಿ, ತುದಿಯಲ್ಲಿ ಕ್ಲಿಪ್. ಒಂದು ಕ್ಲಿಪ್ ಪೆಟ್ಟಿಗೆಗೆ, ಇನ್ನೊಂದು ಕೆಪಾಸಿಟರಿನ ಪ್ಲಸ್ ತುದಿಗೆ. 47 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದರಲ್ಲಿ ಎರಡು ಮೂರು ಸೆಕೆಂಡಿಗೆ ಬರಿದಾಗುತ್ತದೆ. ನಾನು ಹತ್ತು ಎಣಿಸುತ್ತೇನೆ. ಆಮೇಲೆ ಮಲ್ಟಿಮೀಟರ್ ಇಟ್ಟು ಸೊನ್ನೆ ನೋಡಿದ ಮೇಲೆಯೇ ಬೆರಳು ಒಳಗೆ. ಒಂದೊಂದು ಫಿಲ್ಟರ್ ಕೆಪಾಸಿಟರಿಗೂ ಹೀಗೇ. ಸ್ಕ್ರೂಡ್ರೈವರ್ ಇಟ್ಟು ಚಟ್ಟನೆ ಕಿಡಿ ಹಾರಿಸುವುದು ಬೇಡ. ಅದು ಕೆಪಾಸಿಟರಿಗೂ ಕೆಟ್ಟದ್ದು, ಕಣ್ಣಿಗೂ ಕೆಟ್ಟದ್ದು.

ಆಂಪ್ ಆನ್ ಇರುವಾಗ ಅಳೆಯಬೇಕಾಗಿ ಬಂದರೆ ಮೀಟರಿನ ಕಪ್ಪು ತಂತಿಯನ್ನು ಮೊದಲೇ ಪೆಟ್ಟಿಗೆಗೆ ಕ್ಲಿಪ್ ಮಾಡಿ. ಕೆಂಪನ್ನು ಒಂದೇ ಕೈಯಲ್ಲಿ ಹಿಡಿಯಿರಿ. ಇನ್ನೊಂದು ಕೈ ಬೆನ್ನ ಹಿಂದೆ. ಎರಡೂ ಕೈ ಒಳಗಿದ್ದರೆ ಶಾಕ್ ಹೊಡೆದಾಗ ಕರೆಂಟ್ ಎದೆಯ ಮೂಲಕ ಹಾಯುತ್ತದೆ. ಈ ಕೆಲಸ ಹೊಸದಾಗಿದ್ದರೆ ಗೊತ್ತಿರುವವರು ಪಕ್ಕದಲ್ಲಿರುವಾಗ ಮಾತ್ರ ಮಾಡಿ.

ಟ್ಯೂಬ್ ಏನು ಮಾಡುತ್ತದೆ

ಕೆರೆಯ ತೂಬನ್ನು ನೆನಪಿಸಿಕೊಳ್ಳಿ. ತೂಬಿನ ಬಾಗಿಲನ್ನು ಸ್ವಲ್ಪವೇ ಎತ್ತಿದರೂ ಕಾಲುವೆಯಲ್ಲಿ ನೀರು ಭೋರ್ಗರೆಯುತ್ತದೆ. ಎತ್ತಲು ಬೇಕಾದ ಬಲ ಸ್ವಲ್ಪ, ಹರಿಯುವ ನೀರು ಜಾಸ್ತಿ. ಟ್ಯೂಬೂ ಹಾಗೆಯೇ. ಹೀಟರ್ ಕಾಯಿಸಿದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ಹೊರಗಿನ ತಗಡಿನತ್ತ, ಅಂದರೆ ಪ್ಲೇಟಿನತ್ತ, ಓಡುತ್ತವೆ. ನಡುವೆ ಗ್ರಿಡ್ ಎಂಬ ತೆಳು ತಂತಿಯ ಸುರುಳಿ. ಅದೇ ತೂಬಿನ ಬಾಗಿಲು. ಈ ಗ್ರಿಡ್ಡನ್ನು ಲೀ ಡಿ ಫಾರೆಸ್ಟ್ 1906ರಲ್ಲಿ ಸೇರಿಸಿದ ಮೇಲೆಯೇ ಟ್ಯೂಬಿಗೆ ಸಿಗ್ನಲ್ ಹಿಗ್ಗಿಸುವ ಶಕ್ತಿ ಬಂದದ್ದು. ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಗಿಟಾರಿನ ಪಿಕಪ್ ಗ್ರಿಡ್ಡನ್ನು ಅಲ್ಲಾಡಿಸುತ್ತದೆ, ಪ್ಲೇಟಿನಲ್ಲಿ ಅದರ ದೊಡ್ಡ ರೂಪ ಸಿಗುತ್ತದೆ.

ಚಿಕ್ಕ ಆಂಪುಗಳಲ್ಲಿ ಸಾಮಾನ್ಯವಾಗಿ ಇಂಥ ಮೂರು ಮೆಟ್ಟಿಲು. ಮೊದಲ ಎರಡು ಒಂದೇ ಗಾಜಿನೊಳಗೆ ಇರುತ್ತವೆ. 12ಎಎಕ್ಸ್7 ಎಂಬ ಟ್ಯೂಬಿನಲ್ಲಿ ಎರಡು ಟ್ರಯೋಡುಗಳಿವೆ, ಅಂದರೆ ಕ್ಯಾಥೋಡ್, ಗ್ರಿಡ್, ಪ್ಲೇಟ್ ಈ ಮೂರರ ಎರಡು ಜೋಡಣೆ. ಯುರೋಪಿನಲ್ಲಿ ಇದರ ಹೆಸರು ಇಸಿಸಿ83. ಮೂರನೆಯದು ಔಟ್‌ಪುಟ್ ಟ್ಯೂಬ್, 6ವಿ6 ಅಥವಾ ಇಎಲ್84. ಒಂದೇ ಔಟ್‌ಪುಟ್ ಟ್ಯೂಬ್ ಇದ್ದರೆ ಸಿಂಗಲ್ ಎಂಡೆಡ್. ಸುಮಾರು 4-5 ವ್ಯಾಟ್. ಒಂದೇ ಬಗೆಯವು ಎರಡು ಇದ್ದರೆ ಬಹುಮಟ್ಟಿಗೆ ಪುಶ್ ಪುಲ್, ಅಂದರೆ ಒಂದು ತಳ್ಳಿದಾಗ ಇನ್ನೊಂದು ಎಳೆಯುವ ಜೋಡಿ. 1950ರ ದಶಕದ ಫೆಂಡರ್ ಚಾಂಪ್ 5ಎಫ್1 ಆಂಪಿನಲ್ಲಿ 12ಎಎಕ್ಸ್7, 6ವಿ6, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಾಗಿ 5ವೈ3 ಇದ್ದವು. ಮನೆಯಲ್ಲಿ ಕಟ್ಟುವವರು ಇಂದಿಗೂ ಜಾಸ್ತಿ ಅನುಸರಿಸುವ ದಾರಿ ಅದೇ. ಹಾಗಾಗಿ ಅದರ ನಕ್ಷೆ ಪಕ್ಕದಲ್ಲಿಟ್ಟುಕೊಂಡರೆ ಹೆಸರಿಲ್ಲದ ಆಂಪನ್ನು ಓದುವುದು ಸಲೀಸು.

ಅಳಿಸಿದ ಹೆಸರನ್ನು ಪತ್ತೆ ಮಾಡುವುದು

ನನ್ನ ಮೇಜಿನ ಆಂಪಿನಲ್ಲಿ ಒಂದು ಟ್ಯೂಬಿನ ಮೇಲೆ 12ಎಎಕ್ಸ್7 ಎಂದು ಚೆನ್ನಾಗಿ ಕಾಣುತ್ತಿತ್ತು. ಇನ್ನೊಂದರ ಬರಹ ಉಜ್ಜಿ ಹೋಗಿತ್ತು. ಇಂಥ ಟ್ಯೂಬನ್ನು ಬಟ್ಟೆಯಿಂದ ಒರೆಸಬೇಡಿ, ಉಳಿದದ್ದೂ ಹೋಗುತ್ತದೆ. ತಣ್ಣಗಿರುವಾಗ ಗಾಜಿನ ಮೇಲೆ ಬಾಯಿಂದ ಹಬೆ ಊದಿ, ಓರೆಯಾಗಿ ಬೆಳಕಿಗೆ ಹಿಡಿಯಿರಿ. ಬಣ್ಣ ಹೋದ ಜಾಗದಲ್ಲಿ ಮಂಜು ಬೇರೆ ಥರ ಕೂರುತ್ತದೆ. ಅಕ್ಷರ ಒಂದು ಕ್ಷಣ ತೋರಿ ಮಾಯವಾಗುತ್ತದೆ. ನನಗೆ ಕಂಡದ್ದು ಕೊನೆಯ 4 ಮಾತ್ರ.

ಆಗ ಸಾಕೆಟ್ಟನ್ನು ಓದಬೇಕು. ಒಂಬತ್ತು ಪಿನ್ನಿನ ಸಾಕೆಟ್ಟಿನಲ್ಲಿ ಒಂದು ಕಡೆ ಅಗಲವಾದ ಖಾಲಿ ಜಾಗ ಇರುತ್ತದೆ. ಪೆಟ್ಟಿಗೆಯ ಒಳಗಿನಿಂದ, ಅಂದರೆ ಕೆಳಗಿನಿಂದ ನೋಡುತ್ತಾ, ಆ ಜಾಗದಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಣಿಸಿ. ಎಂಟು ಪಿನ್ನಿನ ದಪ್ಪ ಸಾಕೆಟ್ಟಿನಲ್ಲಾದರೆ ನಡುವಿನ ತೂತಿನ ಕಚ್ಚಿನಿಂದ ಎಣಿಕೆ ಶುರು. ನನ್ನದರಲ್ಲಿ ಒಂಬತ್ತು ಪಿನ್. 4 ಮತ್ತು 5ಕ್ಕೆ ಹೊಸೆದ ಹೀಟರ್ ತಂತಿ. 3ರಿಂದ ಒಂದು ದಪ್ಪ ರೆಸಿಸ್ಟರ್ ಪೆಟ್ಟಿಗೆಗೆ ಇಳಿದಿತ್ತು. 7 ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ, 9 ಹೈ ವೋಲ್ಟೇಜಿಗೆ, 2ಕ್ಕೆ ಕೆಪಾಸಿಟರಿನ ಮೂಲಕ ಸಿಗ್ನಲ್. ಇದು ಇಎಲ್84ರ ಜೋಡಣೆ. ಕ್ಯಾಥೋಡ್ 3, ಗ್ರಿಡ್ 2, ಪ್ಲೇಟ್ 7, ಸ್ಕ್ರೀನ್ ಎಂಬ ಎರಡನೇ ಗ್ರಿಡ್ 9.

ಆದರೆ ಪಿಎಲ್84 ಕೂಡ ಇದೇ ಪಿನ್ನುಗಳಿಗೆ ಕೂರುತ್ತದೆ. ವ್ಯತ್ಯಾಸ ಇರುವುದು ಹೀಟರಿನಲ್ಲಿ. ಯುರೋಪಿನ ಹೆಸರುಗಳ ಮೊದಲ ಅಕ್ಷರ ಇದನ್ನೇ ಹೇಳುತ್ತದೆ. ಇ ಅಂದರೆ 6.3 ವೋಲ್ಟ್. ಪಿ ಅಂದರೆ 300 ಮಿಲಿಆಂಪ್ ಸರಪಳಿ, ಯು ಅಂದರೆ 100 ಮಿಲಿಆಂಪ್ ಸರಪಳಿ. ಮುಂದಿನ ಅಕ್ಷರ ಒಳಗಿರುವುದನ್ನು ಹೇಳುತ್ತದೆ: ಸಿ ಟ್ರಯೋಡ್, ಎಲ್ ಔಟ್‌ಪುಟ್ ಪೆಂಟೋಡ್ (ಮೂರರ ಬದಲು ಐದು ಭಾಗಗಳಿರುವುದು), ಝಡ್ ರೆಕ್ಟಿಫೈಯರ್. ಹಾಗಾಗಿ ಇಸಿಎಲ್82 ಅಂದರೆ 6.3 ವೋಲ್ಟಿನಲ್ಲಿ ಕಾಯುವ, ಒಂದು ಟ್ರಯೋಡ್ ಮತ್ತು ಒಂದು ಔಟ್‌ಪುಟ್ ಪೆಂಟೋಡ್ ಒಟ್ಟಿಗೆ ಇರುವ ಟ್ಯೂಬ್. ಅಮೆರಿಕದ ಹೆಸರಿನಲ್ಲಿ ಮೊದಲ ಅಂಕಿಯೇ ಹೀಟರಿನ ವೋಲ್ಟೇಜು, ಹೆಚ್ಚುಕಡಿಮೆ. 6ವಿ6ಕ್ಕೆ 6.3, 12ಎಎಕ್ಸ್7ಗೆ 12.6. ಈ 12ಎಎಕ್ಸ್7ರ ಹೀಟರಿಗೆ ನಡುವೆ ಒಂದು ಕವಲು ಇದೆ, 9ನೇ ಪಿನ್. 4 ಮತ್ತು 5ನ್ನು ಒಟ್ಟು ಸೇರಿಸಿ 9ಕ್ಕೆ ಎದುರಾಗಿ ಕೊಟ್ಟರೆ 6.3ರಲ್ಲೇ ಕಾಯುತ್ತದೆ. ನನ್ನ ಆಂಪಿನಲ್ಲಿ ಹಾಗೇ ಜೋಡಿಸಿತ್ತು, ಅದೇ ತಂತಿ ಔಟ್‌ಪುಟ್ ಟ್ಯೂಬಿಗೂ ಹೋಗಿತ್ತು. ಅಂದಮೇಲೆ ಅದೂ 6.3ರದ್ದೇ. ಇಎಲ್84 ಎಂದು ಬರೆದುಕೊಂಡೆ.

ಕಾಲದ ಬಗ್ಗೆ ಒಂದು ಮಾತು. ವಾಲ್ಯೂಮ್ ಕಂಟ್ರೋಲಿನ ಬೆನ್ನು, ಸ್ಪೀಕರಿನ ಚೌಕಟ್ಟು, ಇವುಗಳ ಮೇಲೆ ಅಂಕಿಗಳಿರಬಹುದು. ಅಮೆರಿಕದ ಬಿಡಿಭಾಗವಾದರೆ 1376512 ಎಂಬಂಥ ಅಂಕಿಯಲ್ಲಿ 137 ಅಂದರೆ ಸಿಟಿಎಸ್ ಕಂಪನಿ, 65 ಅಂದರೆ 1965, 12 ಅಂದರೆ ಆ ವರ್ಷದ ಹನ್ನೆರಡನೇ ವಾರ. ಆದರೆ ಮನೆಯಲ್ಲಿ ಕಟ್ಟುವವರು ಹಳೆಯ ಡಬ್ಬಿಯಿಂದ ತೆಗೆದು ಹಾಕುತ್ತಾರೆ. ಎಲ್ಲಕ್ಕಿಂತ ಹೊಸ ಭಾಗದ ದಿನಾಂಕವನ್ನು ಹಿಡಿಯಿರಿ. ಆಂಪ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಅಥವಾ ಆಮೇಲೆ ಯಾರೋ ಕೈ ಹಾಕಿದ್ದಾರೆ.

ಖಾಲಿ ಸಾಕೆಟ್ ಹೇಳಿದ ಕಥೆ

ನಕ್ಷೆ ಬರೆಯಲು ದೊಡ್ಡ ಹಾಳೆ, ಪೆನ್ಸಿಲ್, ಬಣ್ಣದ ಪೆನ್ ಸಾಕು. ಜ್ಯಾಕಿನಿಂದ ಶುರು ಮಾಡಿ ಸಿಗ್ನಲ್ ಹೋದ ದಾರಿಯಲ್ಲೇ ಹೋಗಿ. ಒಂದೊಂದು ತಂತಿ ಬರೆದ ಮೇಲೆ ಫೋಟೋದಲ್ಲಿ ಅದರ ಮೇಲೆ ಗೆರೆ ಎಳೆಯಿರಿ. ರೆಸಿಸ್ಟರಿನ ಬಣ್ಣದ ಪಟ್ಟಿ ನಂಬಿದರೆ ಸಾಲದು, ಒಂದು ತುದಿ ಬಿಡಿಸಿ ಅಳೆಯಿರಿ. ಹಳೆಯ ಕಾರ್ಬನ್ ರೆಸಿಸ್ಟರುಗಳ ಬೆಲೆ ವರ್ಷ ಕಳೆದಂತೆ ಏರುತ್ತದೆ. 100 ಕಿಲೋಓಮ್ ಎಂದು ಬರೆದದ್ದು 140 ತೋರಿಸಿದರೆ ಆಶ್ಚರ್ಯವಿಲ್ಲ.

ನಕ್ಷೆ ಅರ್ಧ ಆಗಿದ್ದಾಗ ಪೆಟ್ಟಿಗೆಯ ಮೂಲೆಯಲ್ಲಿ ಮೂರನೇ ಸಾಕೆಟ್ ಕಂಡಿತು. ಅದರಲ್ಲಿ ಟ್ಯೂಬಿಲ್ಲ. ಅಡಿಯಲ್ಲಿ 1ರಿಂದ 3ಕ್ಕೆ ಒಂದು, 7ರಿಂದ 3ಕ್ಕೆ ಒಂದು, ಹೀಗೆ ಎರಡು ಸಿಲಿಕಾನ್ ಡಯೋಡ್ ಬೆಸುಗೆ ಹಾಕಿದ್ದರು. ಬೆಸುಗೆ ಹೊಳೆಯುತ್ತಿತ್ತು. ಸುತ್ತಲಿನ ಬೆಸುಗೆಯೆಲ್ಲ ಮಂಕು. ಪ್ಲೇಟುಗಳು 1 ಮತ್ತು 7, ಕ್ಯಾಥೋಡ್ 3. ಇದು ಇಝಡ್81 ರೆಕ್ಟಿಫೈಯರಿನ ಜಾಗ. ಟ್ಯೂಬ್ ಹೋದಾಗ ಯಾರೋ ಅದರ ಬದಲು ಡಯೋಡ್ ಹಾಕಿ ಮುಗಿಸಿದ್ದಾರೆ.

ಇದರಿಂದ ಏನಾಗುತ್ತದೆ? ಟ್ಯೂಬ್ ರೆಕ್ಟಿಫೈಯರ್ ತನ್ನಲ್ಲೇ ಒಂದಿಷ್ಟು ವೋಲ್ಟೇಜ್ ಕಳೆದುಕೊಳ್ಳುತ್ತದೆ. ಡಯೋಡ್ ಬಹುತೇಕ ಏನೂ ಕಳೆದುಕೊಳ್ಳುವುದಿಲ್ಲ. ಹಾಗಾಗಿ ಇಡೀ ಆಂಪಿನ ವೋಲ್ಟೇಜ್ ಏರಿದೆ. ಮೂಲತಃ ಕಟ್ಟಿದವರು ಲೆಕ್ಕ ಹಾಕಿದ್ದು ಕಡಿಮೆ ವೋಲ್ಟೇಜಿಗೆ. ಈ ಅನುಮಾನ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋದೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಗುಟ್ಟು

ಹೆಚ್ಚಿನವರು ಎಡವುವುದು ಇಲ್ಲಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಸ್ವಂತದ್ದೊಂದು ಇಂಪೀಡೆನ್ಸ್, ಅಂದರೆ ಎಸಿ ಸಿಗ್ನಲಿಗೆ ಒಡ್ಡುವ ತಡೆ, ಇರುವುದಿಲ್ಲ. ಇರುವುದು ಸುತ್ತುಗಳ ಅನುಪಾತ ಮಾತ್ರ. ಆ ಅನುಪಾತದ ವರ್ಗವನ್ನು ಸ್ಪೀಕರಿನ ಓಮ್‌ನಿಂದ ಗುಣಿಸಿದರೆ ಟ್ಯೂಬಿಗೆ ಕಾಣುವ ಹೊರೆ ಸಿಗುತ್ತದೆ. ಒಂದೇ ಇಎಲ್84ಕ್ಕೆ ಅದು 5,000 ಓಮ್ ಆಸುಪಾಸು ಇದ್ದರೆ ಚೆನ್ನ. 6ವಿ6ಕ್ಕೂ ಹಾಗೇ.

ಅಳೆಯುವುದು ಸುಲಭ. ಆಂಪ್ ಆಫ್ ಇರಲಿ, ಪ್ಲಗ್ ಹೊರಗಿರಲಿ, ಕೆಪಾಸಿಟರ್ ಬರಿದಾಗಿರಲಿ. ಟ್ರಾನ್ಸ್‌ಫಾರ್ಮರಿನಲ್ಲಿ ಟ್ಯೂಬಿನ ಕಡೆಯ ಸುರುಳಿ ಪ್ರೈಮರಿ, ಸ್ಪೀಕರಿನ ಕಡೆಯದು ಸೆಕೆಂಡರಿ. ಪ್ರೈಮರಿಯ ಎರಡೂ ತಂತಿಗಳನ್ನು ಸರ್ಕ್ಯೂಟಿನಿಂದ ಬಿಡಿಸಿ. ಸ್ಪೀಕರನ್ನೂ ಬಿಡಿಸಿ. ಯಾವುದು ಪ್ರೈಮರಿ ಎಂದು ಗೊತ್ತಿಲ್ಲದಿದ್ದರೆ ಓಮ್ ಮೀಟರ್ ಹೇಳುತ್ತದೆ. ಪ್ರೈಮರಿ ಕೆಲವು ನೂರು ಓಮ್, ಸೆಕೆಂಡರಿ 1 ಓಮ್‌ಗಿಂತ ಕಡಿಮೆ. ಈಗ 12 ವೋಲ್ಟಿನ ಎಸಿ ಅಡಾಪ್ಟರಿನಿಂದ ಪ್ರೈಮರಿಗೆ 12 ವೋಲ್ಟ್ ಕೊಟ್ಟು, ಸೆಕೆಂಡರಿಯಲ್ಲಿ ಎಷ್ಟು ಬರುತ್ತದೆ ನೋಡಿ. ತಿರುಗಿಸಿ ಸೆಕೆಂಡರಿಗೆ 12 ಕೊಡಬೇಡಿ. ಆ ಕಡೆ ನೂರಾರು ವೋಲ್ಟ್ ಎದ್ದು ನಿಲ್ಲುತ್ತದೆ.

ನನಗೆ ಸಿಕ್ಕಿದ್ದು 0.30 ವೋಲ್ಟ್. 12ನ್ನು 0.30ರಿಂದ ಭಾಗಿಸಿದರೆ 40. ನಲವತ್ತರ ವರ್ಗ 1,600. ಆಂಪಿಗೆ ಜೋಡಿಸಿದ್ದ ಸ್ಪೀಕರ್ 8 ಓಮ್‌ನದ್ದು. 1,600 ಗುಣಿಸು 8, ಅಂದರೆ 12,800. ಬೇಕಾದ್ದಕ್ಕಿಂತ ಎರಡೂವರೆ ಪಟ್ಟು! ಅದೇ 3 ಓಮ್ ಹಾಕಿ ನೋಡಿ: 4,800. ಥಟ್ಟನೆ ಕೂಡಿ ಬಂತು. ಹಳೆಯ ರೇಡಿಯೊಗಳಲ್ಲಿ 3 ಓಮ್ ಸ್ಪೀಕರ್ ತೀರಾ ಸಾಮಾನ್ಯ. ಈ ಟ್ರಾನ್ಸ್‌ಫಾರ್ಮರ್ ರೇಡಿಯೊದಿಂದ ಬಂದದ್ದು. ಮೊದಲು 3 ಓಮ್ ಸ್ಪೀಕರೇ ಇದ್ದಿರಬೇಕು, ಆಮೇಲೆ ಯಾರೋ 8 ಓಮ್ ಹಾಕಿದ್ದಾರೆ. ಟ್ರಾನ್ಸ್‌ಫಾರ್ಮರನ್ನು ಸಡಿಲಿಸಿ ಎತ್ತಿದಾಗ ಅಡಿಯಲ್ಲಿ, ಅಲ್ಯೂಮಿನಿಯಂ ಮೇಲೆ, ಪೆನ್ಸಿಲಿನಲ್ಲಿ ದುಂಡಗೆ ಒಂದು 3 ಬರೆದಿತ್ತು. ಕಟ್ಟಿದವರದ್ದೇ ಕೈಬರಹ. ಅದನ್ನು ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

"ಸೌಂಡ್ ತೆಳ್ಳಗಿದೆ" ಎಂಬ ದೂರಿಗೆ ಅರ್ಧ ಉತ್ತರ ಸಿಕ್ಕಿತು, ಅಲ್ವಾ? ಇನ್ನೂ ಒಂದು ಬಿಡಿಭಾಗವೂ ಬದಲಾಗಿಲ್ಲ.

ಮೊದಲ ಸಲ ಆನ್ ಮಾಡುವುದು

ತುಂಬಾ ದಿನ ಸುಮ್ನೆ ಬಿದ್ದಿದ್ದ ಆಂಪನ್ನು ನೇರವಾಗಿ ಗೋಡೆಗೆ ಚುಚ್ಚಬೇಡಿ. ಮೇನ್ಸ್ ತಂತಿಯಲ್ಲಿ ಸರಣಿಯಾಗಿ 40 ಅಥವಾ 60 ವ್ಯಾಟಿನ ಹಳೆಯ ಬಗೆಯ, ತಂತಿ ಉರಿಯುವ ಬಲ್ಬ್ ಇರುವ ಹೋಲ್ಡರ್ ಜೋಡಿಸಿಕೊಳ್ಳಿ. ಎಲ್ಇಡಿ ಬಲ್ಬ್ ಇದಕ್ಕೆ ಬಾರದು. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ, ಆರಿಸಿ. ಮತ್ತೆ, ಸ್ಪೀಕರ್ ಇಲ್ಲದೆ ಟ್ಯೂಬ್ ಆಂಪನ್ನು ಎಂದೂ ನುಡಿಸಬೇಡಿ. ಹೊರೆಯಿಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ವೋಲ್ಟೇಜ್ ಹುಚ್ಚಾಪಟ್ಟೆ ಏರಿ ಸುರುಳಿಯೇ ಸುಟ್ಟು ಹೋಗಬಹುದು.

ಬಲ್ಬ್ ಪರೀಕ್ಷೆ ಮುಗಿದ ಮೇಲೆ ಬಲ್ಬ್ ತೆಗೆದು ಪೂರ್ತಿ ವೋಲ್ಟೇಜಿನಲ್ಲಿ ಅಳೆಯಿರಿ. ನನ್ನ ಆಂಪಿನ ಇಎಲ್84 ಪ್ಲೇಟಿನಲ್ಲಿ 290 ವೋಲ್ಟ್. ಕ್ಯಾಥೋಡಿನಲ್ಲಿ 8 ವೋಲ್ಟ್. ಕ್ಯಾಥೋಡಿನಿಂದ ಪೆಟ್ಟಿಗೆಗೆ ಇದ್ದ ರೆಸಿಸ್ಟರ್ 130 ಓಮ್. 8ನ್ನು 130ರಿಂದ ಭಾಗಿಸಿದರೆ ಸುಮಾರು 61 ಮಿಲಿಆಂಪ್. ಇದರಲ್ಲಿ ಸುಮಾರು 6 ಸ್ಕ್ರೀನಿನ ಪಾಲು. ಉಳಿದ 55 ಪ್ಲೇಟಿನದ್ದು. ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 282 ವೋಲ್ಟ್. ಗುಣಿಸಿ: 15.5 ವ್ಯಾಟ್. ಇಎಲ್84ರ ಪ್ಲೇಟ್ ತಡೆಯುವುದು 12 ವ್ಯಾಟ್. ಕೋಣೆಯ ದೀಪ ಆರಿಸಿ ನೋಡಿದೆ. ಪ್ಲೇಟಿನ ಬದಿಯಲ್ಲಿ ಮಂಕು ಕೆಂಪು. ಹೀಟರಿನ ಕಿತ್ತಳೆ ಹೊಳಪು ನಡುವಿನಲ್ಲಿರುತ್ತದೆ, ಅದು ಸಹಜ. ಹೊರಗಿನ ಬೂದು ತಗಡೇ ಕೆಂಪಾದರೆ ಟ್ಯೂಬ್ ಸಾಯುತ್ತಿದೆ ಎಂದೇ ಅರ್ಥ. ತಕ್ಷಣ ಆರಿಸಬೇಕು.

ಇನ್ನೊಂದು ಅಳತೆ ಮರೆಯಬೇಡಿ. ಔಟ್‌ಪುಟ್ ಟ್ಯೂಬಿನ ಗ್ರಿಡ್ಡಿನಲ್ಲಿ ಡಿಸಿ ಸೊನ್ನೆ ಇರಬೇಕು. ಒಂದೆರಡು ವೋಲ್ಟ್ ಪ್ಲಸ್ ಕಂಡರೂ, ಹಿಂದಿನ ಮೆಟ್ಟಿಲಿನಿಂದ ಸಿಗ್ನಲ್ ತರುವ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿರಬಹುದು. ಅದೂ ಟ್ಯೂಬನ್ನು ಹೀಗೇ ಕೆಂಪಾಗಿಸುತ್ತದೆ. ನನ್ನದರಲ್ಲಿ ಸೊನ್ನೆ ಇತ್ತು. ಹಾಗಾಗಿ ತಪ್ಪು ಕೆಪಾಸಿಟರಿನದ್ದಲ್ಲ, ಏರಿದ ವೋಲ್ಟೇಜಿನದ್ದು. ಖಾಲಿ ಸಾಕೆಟ್ಟಿನ ಅನುಮಾನ ನಿಜವಾಯಿತು. 250 ವೋಲ್ಟಿಗೆ 130 ಓಮ್ ಸರಿಯಾದ ಲೆಕ್ಕ. 290ಕ್ಕೆ ಅಲ್ಲ.

ತಿದ್ದುಪಡಿ

ಮೊದಲು ಸದ್ದಿಗೆ ಸಂಬಂಧವಿಲ್ಲದವು. ಎರಡು ತಂತಿಯ ಮೇನ್ಸ್ ಕಾರ್ಡ್ ತೆಗೆದು ಮೂರು ತಂತಿಯದ್ದು ಹಾಕಿದೆ. ಅರ್ಥ್ ತಂತಿಯನ್ನು ಪೆಟ್ಟಿಗೆಗೆ ಅದರದ್ದೇ ಬೋಲ್ಟಿನಲ್ಲಿ ಬಿಗಿದೆ. ಫೇಸ್ ತಂತಿಯಲ್ಲಿ ಮೊದಲು ಫ್ಯೂಸ್, ಆಮೇಲೆ ಸ್ವಿಚ್. ಮೇನ್ಸಿನಿಂದ ಪೆಟ್ಟಿಗೆಗೆ ಹಾಕಿದ್ದ ಒಂದು ಹಳೆಯ ಕೆಪಾಸಿಟರನ್ನು ಕಿತ್ತು ಹಾಕಿದೆ. ಅದು ಶಾರ್ಟ್ ಆದರೆ ಪೆಟ್ಟಿಗೆಗೆ ನೇರ ಕರೆಂಟ್. ಉಬ್ಬಿದ್ದ ಎಲೆಕ್ಟ್ರೊಲಿಟಿಕ್ ಫಿಲ್ಟರ್ ಕೆಪಾಸಿಟರುಗಳನ್ನು 450 ವೋಲ್ಟಿನ ಹೊಸವಕ್ಕೆ ಬದಲಿಸಿದೆ. ಮೊದಲನೆಯದಕ್ಕೆ ಅಡ್ಡಲಾಗಿ 220 ಕಿಲೋಓಮ್, 2 ವ್ಯಾಟಿನ ರೆಸಿಸ್ಟರ್ ಹಾಕಿದೆ. ಇನ್ನು ಮುಂದೆ ಆರಿಸಿದ ಮೇಲೆ ಚಾರ್ಜ್ ತಾನಾಗಿ ಇಳಿಯುತ್ತದೆ. ಆದರೂ ಮೀಟರ್ ಇಟ್ಟು ನೋಡುವುದನ್ನು ಬಿಡುವ ಹಾಗಿಲ್ಲ. ಟ್ಯೂಬ್ ರೆಕ್ಟಿಫೈಯರ್ ಇರುವ ಆಂಪಿನಲ್ಲಿ ಮೊದಲ ಕೆಪಾಸಿಟರನ್ನು ಮನಬಂದಂತೆ ದೊಡ್ಡದು ಮಾಡಬೇಡಿ. ಇಝಡ್81ಕ್ಕೆ 50 ಮೈಕ್ರೊಫ್ಯಾರಡ್ ಮಿತಿ, ಜಿಝಡ್34 ಎಂಬ ಇನ್ನೊಂದು ರೆಕ್ಟಿಫೈಯರಿಗೆ 60.

ಆಮೇಲೆ ಕ್ಯಾಥೋಡ್ ರೆಸಿಸ್ಟರ್. ಇಝಡ್81ನ್ನೇ ಮತ್ತೆ ಹಾಕಬಹುದಿತ್ತು. ಆದರೆ ಅದರ ಹೀಟರಿಗೆ 1 ಆಂಪಿಯರ್ ಬೇಕು, ಪವರ್ ಟ್ರಾನ್ಸ್‌ಫಾರ್ಮರ್ ಆಗಲೇ ಸಾಕಷ್ಟು ಬಿಸಿಯಾಗುತ್ತಿತ್ತು. ಡಯೋಡುಗಳನ್ನು ಹಾಗೇ ಬಿಟ್ಟು 130 ಓಮ್ ತೆಗೆದು 220 ಓಮ್, 5 ವ್ಯಾಟ್ ಹಾಕಿದೆ. ಈಗ ಕ್ಯಾಥೋಡಿನಲ್ಲಿ 9.9 ವೋಲ್ಟ್. ಅಂದರೆ 45 ಮಿಲಿಆಂಪ್, ಪ್ಲೇಟಿನ ಪಾಲು ಸುಮಾರು 40. ಹೊರೆ ತಗ್ಗಿದ್ದರಿಂದ ಪ್ಲೇಟ್ ವೋಲ್ಟೇಜ್ 298ಕ್ಕೆ ಏರಿತು. ಲೆಕ್ಕ ಹಾಕಿದರೆ 11.5 ವ್ಯಾಟ್. ಕೆಂಪು ಮಾಯ.

ಸ್ಪೀಕರಿಗೆ ಬಂದರೆ, 8 ಓಮ್‌ನ ಎರಡು ಸ್ಪೀಕರುಗಳನ್ನು ಪ್ಯಾರಲಲ್ ಜೋಡಿಸಿದರೆ 4 ಓಮ್. 1,600 ಗುಣಿಸು 4, 6,400. ಇದು ಇಎಲ್84ಕ್ಕೆ ಒಗ್ಗುತ್ತದೆ. ಟ್ರಾನ್ಸ್‌ಫಾರ್ಮರ್ ಬದಲಿಸುವ ಗೋಜೇ ಇಲ್ಲ. ಚಿಕ್ಕ ಆಂಪಿನ ವಿಷಯದಲ್ಲಿ ಸ್ಪೀಕರಿಗಿಂತ ದೊಡ್ಡ ತಿದ್ದುಪಡಿ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ಪೀಕರಿನ ಡಬ್ಬಿಯ ಮೇಲೆ ಸೆನ್ಸಿಟಿವಿಟಿ ಬರೆದಿರುತ್ತದೆ. 90 ಡೆಸಿಬೆಲ್‌ನ ಸ್ಪೀಕರಿಗಿಂತ 100 ಡೆಸಿಬೆಲ್‌ನದ್ದು ಅದೇ ಸದ್ದಿಗೆ ಹತ್ತರಲ್ಲಿ ಒಂದು ಪಾಲು ಪವರ್ ಕೇಳುತ್ತದೆ. ನಿಮ್ಮ 5 ವ್ಯಾಟು 50 ವ್ಯಾಟಿನ ಹಾಗೆ ಕೇಳಿಸಬಹುದು.

ಈಗ "ಉಸಿರು ಕಟ್ಟಿದ ಹಾಗಾಗುತ್ತೆ" ಎಂಬ ದೂರು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ರೇಡಿಯೊ ಕಟ್ಟಿ ಅಭ್ಯಾಸವಿರುವವರು ಗಿಟಾರ್ ಆಂಪ್ ಕಟ್ಟಿದಾಗ ಇದು ತುಂಬಾ ಸಲ ಕಾಣುತ್ತದೆ. ಮೆಟ್ಟಿಲು ಮೆಟ್ಟಿಲುಗಳ ನಡುವೆ ಕಪ್ಲಿಂಗ್ ಕೆಪಾಸಿಟರ್ ಇರುತ್ತದೆ. ಡಿಸಿ ತಡೆದು ಸಿಗ್ನಲ್ ಬಿಡುವುದು ಅದರ ಕೆಲಸ. ನನ್ನ ಆಂಪಿನಲ್ಲಿ ಔಟ್‌ಪುಟ್ ಟ್ಯೂಬಿನ ಹಿಂದೆ 0.1 ಮೈಕ್ರೊಫ್ಯಾರಡ್, ಗ್ರಿಡ್ಡಿನಿಂದ ಪೆಟ್ಟಿಗೆಗೆ 470 ಕಿಲೋಓಮ್. ಹಾಡು ಕೇಳಲು ಇದು ಸೊಗಸು, 3-4 ಹರ್ಟ್ಸ್‌ವರೆಗೂ ಬಿಡುತ್ತದೆ. ಆದರೆ ಗಿಟಾರಿನ ಅತಿ ದಪ್ಪ ತಂತಿಯೇ 82 ಹರ್ಟ್ಸ್. ಅದರ ಕೆಳಗಿನದು ಬೇಡವೇ ಬೇಡ.

ಬೇಡದ್ದಷ್ಟೇ ಅಲ್ಲ, ತೊಂದರೆಯೂ ಹೌದು. ಜೋರಾಗಿ ಮೀಟಿದಾಗ ಗ್ರಿಡ್ ಕ್ಷಣಕಾಲ ಪ್ಲಸ್ ಆಗುತ್ತದೆ. ಆಗ ಗ್ರಿಡ್ಡಿಗೇ ಕರೆಂಟ್ ಹರಿದು ಕೆಪಾಸಿಟರ್ ತಲೆಕೆಳಗಾಗಿ ಚಾರ್ಜ್ ಆಗುತ್ತದೆ. ಆ ಚಾರ್ಜ್ ಇಳಿಯುವ ತನಕ ಟ್ಯೂಬ್ ಅರ್ಧ ಮುಚ್ಚಿದ ತೂಬಿನಂತೆ. ಇಳಿಯಲು ಎಷ್ಟು ಹೊತ್ತು? 0.1 ಮೈಕ್ರೊಫ್ಯಾರಡ್ ಮತ್ತು 470 ಕಿಲೋಓಮ್ ಗುಣಿಸಿದರೆ 47 ಮಿಲಿಸೆಕೆಂಡ್. ದಪ್ಪ ತಂತಿಯ ಒಂದು ಕಂಪನಕ್ಕೆ 12 ಮಿಲಿಸೆಕೆಂಡ್ ಸಾಕು. ಅಂದರೆ ಸುಮಾರು ನಾಲ್ಕು ಕಂಪನದಷ್ಟು ಹೊತ್ತು ಆಂಪ್ ಉಸಿರು ಬಿಗಿ ಹಿಡಿದಿರುತ್ತದೆ. ಕಿವಿಗೆ ಅದು ಪುಸ್ಸೆಂದು ಕುಸಿದ ಹಾಗೆ ಕೇಳುತ್ತದೆ. 0.022 ಹಾಕಿದರೆ 10 ಮಿಲಿಸೆಕೆಂಡ್. 0.0047 ಹಾಕಿದರೆ 2.2, ಮತ್ತು ಕೆಳಗಿನ ಮಿತಿ 72 ಹರ್ಟ್ಸ್. ಎರಡನ್ನೂ ಹಾಕಿ ನುಡಿಸಿ ನೋಡಿದೆ. 0.0047ರಲ್ಲಿ ತುಸು ಬರಿದೆನಿಸಿತು. 0.022 ಉಳಿಸಿಕೊಂಡೆ. ಜೊತೆಗೆ ಇಎಲ್84ರ 2ನೇ ಪಿನ್ನಿಗೆ ಒತ್ತಿಕೊಂಡಂತೆ 4.7 ಕಿಲೋಓಮ್ ಸರಣಿ ರೆಸಿಸ್ಟರ್ ಹಾಕಿದೆ. ಅದು ಸದ್ದಿಲ್ಲದ ಹೈ ಫ್ರೀಕ್ವೆನ್ಸಿ ಆಂದೋಲನವನ್ನು ತಡೆಯುತ್ತದೆ.

ಮೊದಲ ಟ್ರಯೋಡಿನಲ್ಲಿ ಆಟವಾಡಲು ಜಾಗ ಜಾಸ್ತಿ. ಅದರ ಕ್ಯಾಥೋಡಿನಲ್ಲಿ 1.5 ಕಿಲೋಓಮ್ ಇತ್ತು, ಅಡ್ಡಲಾಗಿ ಕೆಪಾಸಿಟರ್ ಇರಲಿಲ್ಲ. ಹಾಗಿರುವಾಗ ಈ ಮೆಟ್ಟಿಲು ಸಿಗ್ನಲನ್ನು ಸುಮಾರು 32 ಪಟ್ಟು ಹಿಗ್ಗಿಸುತ್ತದೆ. 25 ಮೈಕ್ರೊಫ್ಯಾರಡ್ ಹಾಕಿದರೆ ಸುಮಾರು 60 ಪಟ್ಟು. 0.68 ಮೈಕ್ರೊಫ್ಯಾರಡ್ ಹಾಕಿದರೆ ಮೇಲಿನ ಸ್ವರಗಳು ಪೂರ್ತಿ ಹಿಗ್ಗುತ್ತವೆ, ಕೆಳಗಿನವು ಸ್ವಲ್ಪ ಹಿಂದೆ ಉಳಿಯುತ್ತವೆ. ಮಂಕು ಗಿಟಾರಿಗೆ ಇದು ವರ. ಹಿಗ್ಗುವಿಕೆ ಜಾಸ್ತಿ ಎನಿಸಿದರೆ 12ಎಎಕ್ಸ್7 ತೆಗೆದು 12ಎವೈ7 ಚುಚ್ಚಿ ನೋಡಿ. ಪಿನ್ನುಗಳು ಅವೇ, ಶಕ್ತಿ ಅರ್ಧಕ್ಕಿಂತ ಕಡಿಮೆ.

ಇನ್‌ಪುಟ್ ಜ್ಯಾಕಿನಿಂದ ಗ್ರಿಡ್ಡಿಗೆ ನೇರ ತಂತಿ ಇತ್ತು. ರಾತ್ರಿ ಹೊತ್ತು ಅದರಲ್ಲಿ ಯಾವುದೋ ರೇಡಿಯೊ ಸ್ಟೇಷನ್ ಸಣ್ಣಗೆ ಕೇಳುತ್ತಿತ್ತು. 68 ಕಿಲೋಓಮ್ ಒಂದನ್ನು ಗ್ರಿಡ್ ಪಿನ್ನಿನ ಮೇಲೆಯೇ ಹಾಕಿದೆ. ಸ್ಟೇಷನ್ ಹೋಯಿತು.

ಟೋನ್ ಕಂಟ್ರೋಲ್ ಹಾಕಿಕೊಡಿ ಎಂದು ಕೇಳುವವರು ಬಹಳ. ಎರಡೇ ಟ್ರಯೋಡ್ ಇರುವ ಆಂಪಿನಲ್ಲಿ ನಾನು ಹಾಕುವುದಿಲ್ಲ. ಬಾಸ್, ಟ್ರೆಬಲ್ ಗುಬ್ಬಿಗಳ ಜಾಲ ಸಿಗ್ನಲಿನ ದೊಡ್ಡ ಪಾಲನ್ನು ನುಂಗುತ್ತದೆ, ಅದನ್ನು ತುಂಬಿಕೊಡಲು ಮೂರನೇ ಟ್ರಯೋಡ್ ಇಲ್ಲಿಲ್ಲ.

ಸ್ಪೀಕರಿನಿಂದ ಎರಡನೇ ಟ್ರಯೋಡಿನ ಕ್ಯಾಥೋಡಿಗೆ 22 ಕಿಲೋಓಮ್ ಮೂಲಕ ಒಂದು ತಂತಿ ವಾಪಸ್ ಬರುತ್ತಿತ್ತು. ಇದು ನೆಗೆಟಿವ್ ಫೀಡ್‌ಬ್ಯಾಕ್. ಹೊರಬಂದದ್ದರ ಒಂದು ಚೂರನ್ನು ಹಿಂದಕ್ಕೆ ಕೊಟ್ಟು ತಪ್ಪು ತಿದ್ದಿಕೊಳ್ಳುವ ವಿಧಾನ. ಸದ್ದು ನಯವಾಗುತ್ತದೆ, ಬಿಗಿಯಾಗುತ್ತದೆ. ಅದನ್ನು ಕಡಿದರೆ ಆಂಪ್ ಬಾಯಿ ಬಿಟ್ಟು ಹಾಡುತ್ತದೆ, ಒಡಕು ಬೇಗ ಬರುತ್ತದೆ, ಗುಂಯ್ ಸದ್ದೂ ಸ್ವಲ್ಪ ಏರುತ್ತದೆ. ನಾನು ಅಲ್ಲೊಂದು ಚಿಕ್ಕ ಸ್ವಿಚ್ ಇಟ್ಟೆ. ನೆನಪಿರಲಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತಂತಿಗಳನ್ನು ಬಿಡಿಸಿ ಮತ್ತೆ ಹಾಕುವಾಗ ಅದಲುಬದಲಾದರೆ ಈ ಫೀಡ್‌ಬ್ಯಾಕ್ ಪಾಸಿಟಿವ್ ಆಗಿ ಆಂಪ್ ಕಿರುಚುತ್ತದೆ. ಹೆದರಬೇಡಿ. ಆರಿಸಿ, ಕೆಪಾಸಿಟರ್ ಬರಿದು ಮಾಡಿ, ಪ್ರೈಮರಿಯ ಎರಡು ತಂತಿ ಅದಲುಬದಲು ಮಾಡಿ.

ಉಳಿದದ್ದು ಗುಂಯ್ ಸದ್ದು. ಅದರ ಸ್ವರ ಕೇಳಿ. ಮೇನ್ಸಿನದ್ದೇ ಸ್ವರವಾದರೆ, ಅಂದರೆ 50 ಅಥವಾ 60 ಹರ್ಟ್ಸ್, ಹೀಟರ್ ತಂತಿಯ ಕಡೆ ನೋಡಿ. ಅದರ ಎರಡು ಪಟ್ಟು ಎತ್ತರದ, ಝೇಂಕರಿಸುವ ಸದ್ದಾದರೆ ಫಿಲ್ಟರ್ ಕೆಪಾಸಿಟರ್ ಕಡೆ ನೋಡಿ. ನನ್ನದು ಮೊದಲ ಬಗೆಯದ್ದು. ಹೀಟರಿನ ಯಾವ ತುದಿಯೂ ಪೆಟ್ಟಿಗೆಗೆ ಸೇರಿರಲಿಲ್ಲ, ಸುಮ್ನೆ ತೇಲುತ್ತಿತ್ತು. ಎರಡೂ ತುದಿಯಿಂದ ಪೆಟ್ಟಿಗೆಗೆ 100 ಓಮ್‌ನ ಒಂದೊಂದು ರೆಸಿಸ್ಟರ್ ಹಾಕಿದೆ. ಗುಂಯ್ ಬಹುತೇಕ ಅಡಗಿತು.

ಒಂದೊಂದು ಬದಲಾವಣೆಯ ನಡುವೆಯೂ ಅದೇ ಗಿಟಾರ್, ಅದೇ ನಾಲ್ಕು ಸ್ವರ ನುಡಿಸಿ ಕೇಳಿದ್ದೇನೆ. ಒಂದೇ ಸಲಕ್ಕೆ ಮೂರು ಬದಲಿಸಿದರೆ ಯಾವುದು ಒಳ್ಳೆಯದು ಮಾಡಿತು, ಯಾವುದು ಕೆಡಿಸಿತು ಎಂಬುದು ಗೊತ್ತಾಗುವುದೇ ಇಲ್ಲ.

ಹೊಸ ನಕ್ಷೆಯನ್ನು ನೀಟಾಗಿ ಬರೆದು, ಪ್ರತಿ ಪಿನ್ನಿನ ವೋಲ್ಟೇಜ್ ಮತ್ತು ದಿನಾಂಕ ಸೇರಿಸಿ ಪೆಟ್ಟಿಗೆಯ ತಳದ ಮುಚ್ಚಳದ ಒಳಗಡೆ ಅಂಟಿಸಿದ್ದೇನೆ. "ಸ್ಪೀಕರ್ 4 ಓಮ್, 8 ಬೇಡ" ಎಂದು ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ. ಟ್ರಾನ್ಸ್‌ಫಾರ್ಮರನ್ನು ಮತ್ತೆ ಬಿಗಿಯುವಾಗ ಅಡಿಯ ಪೆನ್ಸಿಲಿನ 3 ಅಳಿಸದ ಹಾಗೆ ಒಂದು ತುಂಡು ಪಾರದರ್ಶಕ ಟೇಪ್ ಹಚ್ಚಿದೆ.